ರಾತ್ರಿ ನಿಂತ ಹಳೆಯ ಡೀಸೆಲ್ ಕ್ಯಾಂಪರ್ ವ್ಯಾನ್ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲ

ಪ್ರಶ್ನೆ:
ಚಳಿಯ ಬೆಳಿಗ್ಗೆ ಹಲವು ಬಾರಿ ಸೆಲ್ಫ್ ಹೊಡೆದ ಮೇಲೆ ಎಂಜಿನ್ ತಡವರಿಸುತ್ತ ಹಿಡಿದುಕೊಂಡು, ಕಣ್ಣು ಉರಿಸುವಂಥ ಬಿಳಿ ಹೊಗೆ ಉಗುಳುತ್ತದೆ. ಒಮ್ಮೆ ಬಿಸಿಯಾದರೆ ದಿನವಿಡೀ ತೊಂದರೆಯಿಲ್ಲ. ಬ್ಯಾಟರಿ ಹೊಸದು. ಎಲ್ಲಿಂದ ಹುಡುಕಲಿ?

ಉತ್ತರ 1:
ಬಿಳಿ ಹೊಗೆ ಬರುತ್ತಿದೆ ಎಂದರೆ ಡೀಸೆಲ್ ಸಿಲಿಂಡರನ್ನು ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ. ಆದ್ದರಿಂದ ಮೊದಲ ಅನುಮಾನ, ಸ್ಟಾರ್ಟ್ ಮಾಡುವ ಮುನ್ನ ಸಿಲಿಂಡರಿನ ಒಳಗನ್ನು ಬಿಸಿ ಮಾಡುವ ಪುಟ್ಟ ಹೀಟರುಗಳಾದ ಗ್ಲೋ ಪ್ಲಗ್‌ಗಳ ಮೇಲೆ. ಕೀ ತಿರುಗಿಸಿದಾಗ ಪ್ಲಗ್‌ಗಳಿಗೆ ಬ್ಯಾಟರಿಯ ವೋಲ್ಟೇಜ್ ಬರುತ್ತಿದೆಯೇ ನೋಡಿ. ಬಾರದಿದ್ದರೆ ರಿಲೇ ಅಥವಾ ಫ್ಯೂಸ್ ಕೆಟ್ಟಿರಬಹುದು. ಬರುತ್ತಿದ್ದರೆ, ಅವುಗಳನ್ನು ಜೋಡಿಸುವ ಪಟ್ಟಿಯನ್ನು ಕಳಚಿ ಒಂದೊಂದನ್ನೂ ಮಲ್ಟಿಮೀಟರಿನಿಂದ ಅಳೆಯಿರಿ: 12 ವೋಲ್ಟಿನ ಒಳ್ಳೆಯ ಪ್ಲಗ್ ಸಾಮಾನ್ಯವಾಗಿ 1 ಓಮ್‌ನ ಆಸುಪಾಸು ತೋರಿಸುತ್ತದೆ, ಸತ್ತದ್ದು ಏನನ್ನೂ ತೋರಿಸುವುದಿಲ್ಲ. ಬಿಚ್ಚುವಾಗ ಮಾತ್ರ ಆತುರ ಬೇಡ; ಪ್ಲಗ್ ತುಂಡಾಗಿ ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್‌ನೊಳಗೆ ಉಳಿದರೆ ಅದನ್ನು ತೆಗೆಯುವುದೇ ದೊಡ್ಡ ಕೆಲಸ.

ಉತ್ತರ 2:
ಪ್ಲಗ್‌ಗಳು ಸರಿಯಿದ್ದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರುತ್ತಿದೆಯೇ ನೋಡಿ. ಫಿಲ್ಟರ್ ಮತ್ತು ಪಂಪಿನ ನಡುವೆ ಒಂದು ಪಾರದರ್ಶಕ ಕೊಳವೆ ಹಾಕಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಗ್ಲೋ ಪ್ಲಗ್ ಇರುವ ಎಂಜಿನ್ನಿಗೆ ಬೇಗ ಸ್ಟಾರ್ಟ್ ಆಗಲೆಂದು ಈಥರ್ ಸ್ಪ್ರೇ ಹೊಡೆಯಲೇಬೇಡಿ, ಅದು ಸ್ಫೋಟಿಸಬಹುದು.

ಪ್ರಶ್ನೆ ಕೇಳಿದವರು:
ವೋಲ್ಟೇಜ್ ಬರುತ್ತಿದೆ, ಆದರೆ ನಾಲ್ಕರಲ್ಲಿ ಎರಡು ಪ್ಲಗ್‌ಗಳು ಸತ್ತಿವೆ. ಎಂಜಿನ್ ಬೆಚ್ಚಗಿರುವಾಗ ನಾಲ್ಕನ್ನೂ ಬದಲಿಸುತ್ತೇನೆ.