ಬೆಕ್ಕಿಗೆ ಕತ್ತಲಾದ ಮೇಲೆ ಕಣ್ಣು ಕಾಣುತ್ತಿಲ್ಲ, ತಿನ್ನುವುದು ಮೊಸರನ್ನ ಮಾತ್ರ

ಪೆರ್ಲ ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಿಗೆ ಐದು ವರ್ಷ. ಇತ್ತೀಚೆಗೆ ಕತ್ತಲಾದ ಮೇಲೆ ಜಗಲಿಯಿಂದ ಇಳಿಯುವಾಗ ಮೆಟ್ಟಿಲು ಸಿಗದೆ ಕಾಲಲ್ಲಿ ತಡಕಾಡುತ್ತಾಳೆ. ಹಳೇ ಜಾಗದಲ್ಲಿ ಆರಾಮಾಗಿ ಓಡಾಡುತ್ತಾಳೆ, ಆದರೆ ಚಾವಡಿಯಲ್ಲಿ ಹೊಸದಾಗಿ ಇಟ್ಟ ಅಡಿಕೆ ಗೋಣಿಗೆ ಹೋಗಿ ಮೂಗು ಕುಟ್ಟಿಕೊಂಡಳು. ನಡು ಮಧ್ಯಾಹ್ನ ಅಂಗಳದ ಬಿಸಿಲಲ್ಲೂ ಕಣ್ಣಿನ ಕಪ್ಪು ಭಾಗ ಅಗಲವಾಗಿಯೇ ಇರುತ್ತದೆ, ಗೆರೆಯಷ್ಟು ಸಣ್ಣ ಆಗುವುದೇ ಇಲ್ಲ. ಟಾರ್ಚ್ ಹಾಕಿದರೆ ಮೊದಲಿಗಿಂತ ಜಾಸ್ತಿ ಹೊಳೆಯುತ್ತದೆ. ಕಣ್ಣಲ್ಲಿ ನೀರಿಲ್ಲ, ಪಿಸುರಿಲ್ಲ, ಬಿಳಿ ಪೊರೆ ಇಲ್ಲ. ನಮ್ಮಲ್ಲಿ ಮೀನು ಮಾಂಸ ತರುವುದಿಲ್ಲ. ಮೊಸರನ್ನ, ಹಾಲು, ಒಮ್ಮೊಮ್ಮೆ ದೋಸೆ ಚೂರು, ಇಷ್ಟೇ ಅವಳ ಊಟ. ಕ್ಯಾರೆಟ್ ಬೇಯಿಸಿ ಕೊಡು ಅಂತ ಅತ್ತೆ ಹೇಳುತ್ತಿದ್ದಾರೆ. ಕೊಡಲಾ?

ಉಪ್ಪಳ ಬೆಕ್ಕುಮನೆ:
ಅಕ್ಕ, ಮೊದಲು ಇದು ಹೇಳಿ. ಒಂದೇ ರಾತ್ರಿಯಲ್ಲಿ ಹೀಗಾಯಿತಾ, ಅಥವಾ ನಿಧಾನಕ್ಕೆ ಜಾಸ್ತಿ ಆಗುತ್ತಾ ಬಂತಾ? ನೀರು ಕುಡಿಯುವುದು, ಮೂತ್ರ ಮಾಡುವುದು ಹೆಚ್ಚಾಗಿದೆಯಾ? ಹೊರಗೆ ಹೋಗಿ ಇಲಿ ಹಿಡಿಯುತ್ತಾಳಾ? ವಯಸ್ಸಾದ ಬೆಕ್ಕಿಗೆ ಕಿಡ್ನಿ ಕೆಟ್ಟರೆ ಬಿಪಿ ಏರಿ, ಕಣ್ಣಿನ ಒಳಪರದೆ ಕಳಚಿ, ಇದ್ದಕ್ಕಿದ್ದಂತೆ ಕುರುಡಾಗುವುದುಂಟು. ಅದಾದರೆ ಒಂದು ದಿನವೂ ಕಾಯುವ ಹಾಗಿಲ್ಲ.

ಪೆರ್ಲ ತೋಟದಮನೆ:
ನಿಧಾನಕ್ಕೇ ಆದದ್ದು, ಮಳೆಗಾಲದಿಂದ ಅನಿಸುತ್ತದೆ. ನೀರು ಮೊದಲಿನಷ್ಟೇ. ನಾಯಿಗಳ ಕಾಟ ಅಂತ ಕಿಟಕಿ ಬಾಗಿಲಿಗೆಲ್ಲ ಜಾಲಿ ಹಾಕಿಸಿದ್ದೇವೆ, ಹಾಗಾಗಿ ಹೊರಗೆ ಹೋಗುವುದೇ ಇಲ್ಲ.

ಉಪ್ಪಳ ಬೆಕ್ಕುಮನೆ:
ಹಾಗಾದರೆ ನನಗೆ ಟಾರೀನ್ ಕೊರತೆಯ ಮೇಲೆ ಬಲವಾದ ಅನುಮಾನ. ಡಾಕ್ಟರು ನೋಡಿಯೇ ಖಚಿತ ಮಾಡಬೇಕು, ಆದರೆ ನೀವು ಬರೆದ ಎಲ್ಲವೂ ಅದಕ್ಕೆ ಹೊಂದುತ್ತದೆ.

ಟಾರೀನ್ ಅಂದರೆ ಒಂದು ಅಮೈನೋ ಆಮ್ಲ. ನಾವು, ನಾಯಿಗಳು ಅದನ್ನು ಮೈಯೊಳಗೇ ತಕ್ಕಮಟ್ಟಿಗೆ ಮಾಡಿಕೊಳ್ಳುತ್ತೇವೆ. ಬೆಕ್ಕಿಗೆ ಆ ಶಕ್ತಿ ಬಹಳ ಕಮ್ಮಿ. ಮೇಲಿಂದ ಪಿತ್ತರಸ ಮಾಡಲಿಕ್ಕೂ ಅದಕ್ಕೆ ಟಾರೀನೇ ಬೇಕು, ಬೇರೆ ಯಾವುದರಿಂದಲೂ ಸುಧಾರಿಸಿಕೊಳ್ಳುವುದಿಲ್ಲ, ಹಾಗಾಗಿ ಇದ್ದದ್ದೂ ದಿನಾ ಖರ್ಚಾಗುತ್ತಾ ಹೋಗುತ್ತದೆ. ಟಾರೀನ್ ಸಿಗುವುದು ಮಾಂಸ ಮೀನಿನಲ್ಲಿ. ಅಕ್ಕಿಯಲ್ಲಿ ಇಲ್ಲ, ದನದ ಹಾಲಿನಲ್ಲಿ ಇಲ್ಲ ಅನ್ನುವಷ್ಟು ಕಮ್ಮಿ. 1975ರಲ್ಲಿ ಅಮೆರಿಕದಲ್ಲಿ ಹೇಯ್ಸ್ ಮತ್ತು ಜೊತೆಯವರು ಬೆಕ್ಕುಗಳಿಗೆ ಹಾಲಿನ ಕೇಸೀನನ್ನೇ ಪ್ರೋಟೀನಾಗಿ ಕೊಟ್ಟು ನೋಡಿದರು. ರಕ್ತದಲ್ಲಿ ಟಾರೀನ್ ಇಳಿಯಿತು, ಕಣ್ಣಿನ ಒಳಪರದೆ, ಅಂದರೆ ರೆಟಿನಾ, ಸವೆಯಿತು. ಚಿಕ್ಕಿಯ ತಟ್ಟೆಯಲ್ಲಿರುವುದೂ ಹಾಲಿನ ಪ್ರೋಟೀನೇ ಅಲ್ವಾ? ಟಾರ್ಚಿಗೆ ಕಣ್ಣು ಜಾಸ್ತಿ ಹೊಳೆಯುವುದಕ್ಕೂ ಇದೇ ಕಾರಣ ಇರಬಹುದು. ರೆಟಿನಾದ ಹಿಂದೆ ಬೆಳಕು ವಾಪಸು ಎಸೆಯುವ ಪದರ ಇದೆ, ಮುಂದಿನ ರೆಟಿನಾ ತೆಳ್ಳಗಾದಷ್ಟೂ ಆ ಹೊಳಪು ಹೆಚ್ಚು.

ಕ್ಯಾರೆಟ್ ಬೇಡ. ಅದರಲ್ಲಿರುವ ಬೀಟಾ ಕ್ಯಾರೋಟಿನ್ನಿಂದ ವಿಟಮಿನ್ ಎ ಮಾಡಿಕೊಳ್ಳುವುದು ಬೆಕ್ಕಿಗೆ ಆಗದು.

ಇನ್ನೊಂದು ವಿಷಯ, ಕಣ್ಣಿಗಿಂತ ಮುಖ್ಯ. ಹೃದಯ. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಾಲ್ ಪಿಯಾನ್ ತಂಡದವರು ಹೃದಯ ಹಿಗ್ಗಿ ಸೋತ ಬೆಕ್ಕುಗಳ ರಕ್ತದಲ್ಲಿ ಟಾರೀನ್ ಕಮ್ಮಿ ಇರುವುದನ್ನು ಕಂಡುಹಿಡಿದರು. ಟಾರೀನ್ ಕೊಟ್ಟಾಗ ಹೃದಯ ಸುಧಾರಿಸಿತು. ರೆಟಿನಾದಲ್ಲಿ ಒಮ್ಮೆ ಸತ್ತ ಭಾಗ ಮತ್ತೆ ಬರುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು. ಹೃದಯ ಮಾತ್ರ ಹೊತ್ತಿಗೆ ಸರಿಯಾಗಿ ಹಿಡಿದರೆ ವಾಪಸು ಬರುತ್ತದೆ. ಅದಕ್ಕೇ ಹೇಳುತ್ತಿರುವುದು, ಕಣ್ಣು ತೋರಿಸಲಿಕ್ಕೆ ಹೋದಾಗ ಎದೆಯ ಸ್ಕ್ಯಾನಿಂಗ್ ಬಗ್ಗೆಯೂ ಕೇಳಿ. ಇವತ್ತು ರಾತ್ರಿ ಅವಳು ಗಾಢ ನಿದ್ದೆಯಲ್ಲಿರುವಾಗ ಒಂದು ನಿಮಿಷ ಉಸಿರು ಎಣಿಸಿ. 30ಕ್ಕಿಂತ ಕಮ್ಮಿ ಇರಬೇಕು. ಮತ್ತೆ ಮತ್ತೆ ಅದಕ್ಕಿಂತ ಜಾಸ್ತಿ ಬಂದರೆ, ಅಥವಾ ಬಾಯಿ ತೆರೆದು ಉಸಿರಾಡಿದರೆ, ಹಿಂಗಾಲು ಎಳೆದರೆ, ತಕ್ಷಣ ಹೊರಡಿ.

ನೀರ್ಚಾಲು:
ಇದೆಂಥದ್ದು ಮಾರಾಯ್ರೆ, ನಮ್ಮ ಅಜ್ಜನ ಮನೆಯ ಬೆಕ್ಕುಗಳು ಹಾಲನ್ನ ತಿಂದೇ ಮುದಿಯಾದವು. ಯಾವುದಕ್ಕೂ ಕಣ್ಣು ಹೋದದ್ದಿಲ್ಲ.

ಉಪ್ಪಳ ಬೆಕ್ಕುಮನೆ:
ಅವು ಮನೆಯಲ್ಲಿ ತಿಂದದ್ದು ಹಾಲನ್ನ. ಅಟ್ಟದಲ್ಲಿ ಇಲಿ, ತೋಟದಲ್ಲಿ ಓತಿ, ಕಪ್ಪೆ, ಹಕ್ಕಿಮರಿ ತಿನ್ನುತ್ತಿದ್ದದ್ದನ್ನು ಯಾರು ಲೆಕ್ಕ ಇಟ್ಟಿದ್ದರು? ಇಲಿಯ ಮೈಯಲ್ಲಿ ಬೇಕಾದಷ್ಟು ಟಾರೀನ್ ಇದೆ. ಚಿಕ್ಕಿಗೆ ಜಾಲಿ ಹಾಕಿದ ದಿನವೇ ಆ ಊಟ ನಿಂತಿತು. ಜಾಲಿ ತೆಗೆಯಿರಿ ಅನ್ನುತ್ತಿಲ್ಲ, ಕಣ್ಣು ಕಾಣದ ಬೆಕ್ಕನ್ನು ಈಗ ಹೊರಗೆ ಬಿಡಲೇಬಾರದು. ಒಳಗಿಟ್ಟ ಮೇಲೆ ಆ ಇಲಿಯ ಪಾಲನ್ನು ನಾವು ಕೊಡಬೇಕು.

ಪೆರ್ಲ ತೋಟದಮನೆ:
ಉಸಿರು 26 ಬಂತು ಅಣ್ಣ. ನಾಳೆ ಮಂಗಳೂರಿಗೆ ಕರೆದುಕೊಂಡು ಹೋಗುತ್ತೇವೆ. ಅಡುಗೆಮನೆಯಲ್ಲಿ ಮೀನು ಬೇಯಿಸಲಿಕ್ಕೆ ಅತ್ತೆ ಒಪ್ಪುವುದಿಲ್ಲ, ಅವರ ಮನಸ್ಸು ನೋಯಿಸಲಿಕ್ಕೂ ನನಗೆ ಇಷ್ಟ ಇಲ್ಲ. ಪಕ್ಕದ ಮನೆಯವರ ಹತ್ತಿರ ನಾಯಿಯ ಸಸ್ಯಾಹಾರಿ ಬಿಸ್ಕಿಟ್ ಇದೆ, ಅದಾಗುತ್ತಾ?

ಉಪ್ಪಳ ಬೆಕ್ಕುಮನೆ:
ನಾಯಿಯದ್ದು ಆಗದು. ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರೀನ್ ಹಾಕಿರುವುದಿಲ್ಲ. ಬೆಕ್ಕಿಗೆ ಅಂತಲೇ ಮಾಡಿದ ಒಣ ಆಹಾರ ತನ್ನಿ, ಬೇಯಿಸುವ ಕೆಲಸವೇ ಇಲ್ಲ, ಚಾವಡಿ ಮೂಲೆಯಲ್ಲಿ ತಟ್ಟೆ ಇಟ್ಟರೆ ಆಯಿತು. ಪ್ಯಾಕೆಟಿನ ಹಿಂದೆ ಟಾರೀನ್ ಅಂತ ಬರೆದದ್ದು ನೋಡಿಯೇ ತೆಗೆದುಕೊಳ್ಳಿ, ಅಮೆರಿಕದ ಮಾನದಂಡದಲ್ಲಿ ಒಣ ಆಹಾರಕ್ಕೆ ಕನಿಷ್ಠ ಶೇ. 0.1 ಇರಬೇಕು. ಪೂರ್ತಿ ಆಹಾರ ಅಂತ ಬರೆದಿರಲಿ, ಸುಮ್ನೆ ತಿಂಡಿಯ ಪ್ಯಾಕೆಟ್ ಬೇಡ. ಅದರ ಮೇಲೆ ಟಾರೀನ್ ಪುಡಿಯೋ ಮಾತ್ರೆಯೋ ಎಷ್ಟು ಬೇಕು ಅಂತ ಡಾಕ್ಟರು ಹೇಳುತ್ತಾರೆ.

ಮೊಸರನ್ನ ಒಂದೇ ದಿನ ನಿಲ್ಲಿಸಬೇಡಿ. ಹಸಿದರೆ ತಾನೇ ತಿನ್ನುತ್ತಾಳೆ ಅಂತ ಉಪವಾಸ ಕೆಡವುವುದಂತೂ ಬೇಡವೇ ಬೇಡ, ಕೆಲವು ದಿನ ತಿನ್ನದಿದ್ದರೆ ಬೆಕ್ಕಿನ ಲಿವರಿಗೆ ಕೊಬ್ಬು ತುಂಬಿ ಜೀವಕ್ಕೇ ಅಪಾಯ. ಮೊಸರನ್ನದಲ್ಲಿ ಆ ಒಣ ಆಹಾರದ ನಾಲ್ಕು ಕಾಳು ಕಲಸಿ ಶುರು ಮಾಡಿ, ದಿನಾ ಸ್ವಲ್ಪ ಏರಿಸಿ. ಅಡಿಕೆ ಗೋಣಿಗಳನ್ನು ಅವಳು ಓಡಾಡುವ ದಾರಿಯಿಂದ ಸರಿಸಿ. ನೀರಿನ ಪಾತ್ರೆ, ಮಲಗುವ ಗೋಣಿತಾಟು ಇದ್ದಲ್ಲೇ ಇರಲಿ.

ಕುಂಬಳೆ ಪೇಟೆ:
ನಮ್ಮಲ್ಲಿ ಬೂತಾಯಿ ಮೀನು ಬೇಯಿಸಿ ನೀರು ಚೆಲ್ಲಿ ಕೊಡುತ್ತೇವೆ, ಅದು ಸಾಕಲ್ವಾ?

ಉಪ್ಪಳ ಬೆಕ್ಕುಮನೆ:
ಆ ನೀರನ್ನೇ ಚೆಲ್ಲಬೇಡಿ, ಟಾರೀನ್ ಬಿಟ್ಟುಕೊಳ್ಳುವುದು ಅದರಲ್ಲೇ. ಉಪ್ಪು ಮೆಣಸು ಹಾಕದೆ ಬೇಯಿಸಿ, ನೀರು ಸಮೇತ ಕೊಡಿ. ಹಸಿ ಮೀನು ದಿನಾ ಬೇಡ, ಕೆಲವು ಮೀನುಗಳಲ್ಲಿ ಬಿ1 ವಿಟಮಿನ್ ಹಾಳು ಮಾಡುವ ಕಿಣ್ವ ಇರುತ್ತದೆ, ಬೇಯಿಸಿದರೆ ಅದು ಸಾಯುತ್ತದೆ.

ಪೆರ್ಲ ತೋಟದಮನೆ:
ಹೋಗಿ ಬಂದೆವು. ಕಣ್ಣೊಳಗೆ ಬೆಳಕು ಬಿಟ್ಟು ನೋಡಿ, ರೆಟಿನಾ ಎರಡೂ ಕಡೆ ತೆಳ್ಳಗಾಗಿದೆ, ಟಾರೀನ್ ಕೊರತೆಯದ್ದೇ ಲಕ್ಷಣ ಅಂದರು. ಬಿಪಿ ಸರಿ ಇದೆ. ಹೃದಯ ಸ್ವಲ್ಪ ಹಿಗ್ಗಿದೆ, ಆದರೆ ಶ್ವಾಸಕೋಶದಲ್ಲಿ ನೀರಿಲ್ಲ. ಟಾರೀನ್ ದಿನಕ್ಕೆ ಎರಡು ಹೊತ್ತು ಕೊಡಬೇಕು, ಕೆಲವು ತಿಂಗಳಾದ ಮೇಲೆ ಮತ್ತೆ ಸ್ಕ್ಯಾನಿಂಗ್. ಪ್ಯಾಕೆಟ್ ಆಹಾರ ಅತ್ತೆಯೇ ಮೊಸರನ್ನಕ್ಕೆ ಕಲಸಿ ಇಟ್ಟರು, ಅನ್ನ ಬಿಟ್ಟು ಕಾಳು ಮಾತ್ರ ಹೆಕ್ಕಿ ತಿಂದಳು. ಸ್ಕ್ಯಾನಿಂಗ್ ಆದ ಮೇಲೆ ಇಲ್ಲೇ ಬರೆಯುತ್ತೇನೆ.