ಬ್ಯಾಂಕಿನ ವಕೀಲರು ಓಕೆ ಅಂದ್ಮೇಲೂ ನಮ್ದೇ ಬೇರೆ ಲಾಯರ್ ಇಟ್ಕೋಬೇಕಾ? ದಾವಣಗೆರೇಲಿ ಹಳೇ ಮನೆ, ಹೋಮ್ ಲೋನ್

ಬಾಡಿಗೆಮನೆ_ದಾವಣಗೆರೆ:
ಎಲ್ರಿಗೂ ನಮಸ್ಕಾರ. ವಿದ್ಯಾನಗರದ ಕಡೆ ಒಂದು ಹಳೇ ಮನೆ ನೋಡೀವಿ, 30×40 ಸೈಟು, 42 ಲಕ್ಷಕ್ಕೆ ಮಾತಾಗೈತೆ. 9 ವರ್ಷ ಬಾಡಿಗೆ ಮನೇಲಿದ್ದು ನಾನೂ ನಮ್ಮನೆಯೋರೂ ಕೂಡಿಟ್ಟ ದುಡ್ಡು ಇದು, ಅದಕ್ಕೇ ಕೈ ನಡುಗ್ತೈತೆ. ಲೋನ್‌ಗೆ ಹಾಕಿದ್ವಿ, ಬ್ಯಾಂಕಿನೋರು ಅವರ ಪ್ಯಾನಲ್ ವಕೀಲರಿಗೆ ಪೇಪರ್ ಕಳ್ಸಿದ್ರು, ಫೀಸು ನಮ್ಮ ಹತ್ರಾನೇ ತಗೊಂಡ್ರು, ಲೀಗಲ್ ಒಪೀನಿಯನ್ ಬಂದೈತೆ. ಟೈಟಲ್ ಸರಿ ಐತೆ ಅಂತ ಬರೆದು ಕೊನೇಲಿ "ವಂಶವೃಕ್ಷ ಹಾಜರುಪಡಿಸಿ ಎಲ್ಲಾ ವಾರಸುದಾರರು ಸೇರಿ ಕ್ರಯಪತ್ರ ಬರೆದುಕೊಡತಕ್ಕದ್ದು" ಅಂತ ಒಂದು ಷರತ್ತು ಹಾಕ್ಯಾರೆ. ಹಂಗಂದ್ರೇನು ಸರ್ ಅಂತ ಫೋನ್ ಮಾಡಿದ್ರೆ ನಾನು ರಿಪೋರ್ಟ್ ಕೊಡೋದು ಬ್ಯಾಂಕಿಗೆ, ನೀವು ಮ್ಯಾನೇಜರ್ ಹತ್ರ ಕೇಳಿ ಅಂದ್ರು.

ಮನೆ ಮಾರೋರ ತಂದೆ ಹೆಸ್ರಲ್ಲಿತ್ತು, ಅವರೇ ದುಡಿದು ತಗೊಂಡಿದ್ದು. ತೀರ್ಕೊಂಡು 6 ವರ್ಷ ಆತು, ವಿಲ್ ಬರೆದಿಲ್ಲ. ಖಾತೆ ಈಗ ಮಗನ ಹೆಸ್ರಲ್ಲೈತೆ. ತಾಯಿ ಅದಾರೆ. ಇಬ್ರು ಹೆಣ್ಮಕ್ಳು, ಒಬ್ರು ಹರಿಹರದಲ್ಲಿ, ಇನ್ನೊಬ್ರು ತೀರ್ಕೊಂಡಾರೆ, ಅವರಿಗೆ ಸಣ್ಣ ಮಕ್ಕಳಿದಾವೆ. ತಂದೆ ಇದ್ದಾಗ ಮನೆ ಮೇಲೆ ತೆಗೆದ ಸಾಲ 6 ಲಕ್ಷ ಇನ್ನೂ ಬಾಕಿ ಐತೆ. ಬ್ರೋಕರ್ ಹೇಳೋದು, ಹೆಣ್ಮಕ್ಳಿಗೆ ಮದುವೇಲೇ ಎಲ್ಲಾ ಕೊಟ್ಟಾಗೈತೆ, ಬ್ಯಾಂಕೇ ಲೋನ್ ಕೊಡ್ತೈತೆ ಅಂದ್ಮೇಲೆ ಇನ್ನೊಬ್ಬ ಲಾಯರ್ ಯಾಕೆ, ಸುಮ್ನೆ 10-15 ಸಾವಿರ ದಂಡ ಅಂತ. ನಮ್ಮಣ್ಣ ಬೇರೆ ವಕೀಲರಿಗೆ ತೋರ್ಸದೆ ಒಂದ್ ರೂಪಾಯಿ ಕೊಡಬ್ಯಾಡ ಅಂತಾನೆ. ಶುಕ್ರವಾರ 2 ಲಕ್ಷ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡ್ಕೋಬೇಕು. ಏನ್ ಮಾಡ್ಲಿ?

ಹದಡಿ_ರೋಡ್:
ನಾನು ಬರೀ ಬ್ಯಾಂಕ್ ವಕೀಲರ ಒಪೀನಿಯನ್ ಮೇಲೇ ತಗೊಂಡೆ, 8 ವರ್ಷ ಆತು, ಏನೂ ತೊಂದ್ರೆ ಆಗಿಲ್ಲ. ಆದ್ರೆ ನಂದು ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಹಂಚಿಕೆ ಮಾಡಿದ ಸೈಟು, ಹಂಚಿಕೆಯಾದೋರಿಂದ ನೇರ ನನಗೆ, ನಡುವೆ ಯಾರೂ ಇಲ್ಲ. ನಿಮ್ದು ಹಂಗಲ್ಲ ಮೇಡಂ.

ಎಂಸಿಸಿ_ಬಿ_ಬ್ಲಾಕ್:
ಅಕ್ಕ, ನಿಮ್ಮಣ್ಣ ಹೇಳಿದ್ದು ಕೇಳಿ. ಪ್ಯಾನಲ್ ವಕೀಲರು ಕೆಟ್ಟೋರು ಅಂತಲ್ಲ, ಅವರ ಕೆಲ್ಸ ಬ್ಯಾಂಕಿನ ದುಡ್ಡು ಉಳಿಯುತ್ತಾ ಅಂತ ನೋಡೋದು. ನಾಳೆ ಮನೆ ಮೇಲೆ ದಾವೆ ಬಿದ್ರೂ ಬ್ಯಾಂಕಿಗೆ ನಿಮ್ಮ ಸಂಬಳ ಐತೆ, ಜಾಮೀನುದಾರರಿದ್ರೆ ಅವ್ರೂ ಅದಾರೆ, ಇಎಂಐ ನಿಲ್ಲಲ್ಲ. ಮನೆ ಹೋಗೋದು ನಿಮ್ದು.

ನಮ್ದು ಹೇಳ್ತೀನಿ. ಬ್ಯಾಂಕ್ ಕಡೆ ಎಲ್ಲಾ ಕ್ಲಿಯರ್ ಆಗಿತ್ತು, ಆದ್ರೂ ಮನಸ್ಸು ತಡೀದೆ ನಮ್ಮೂರಿನ ಒಬ್ಬ ವಯಸ್ಸಾದ ವಕೀಲರ ಹತ್ರ ಹೋದ್ವಿ. ಅವರು 1986ರ ಮೂಲ ಕ್ರಯಪತ್ರದ ಜೆರಾಕ್ಸು, ಆಮೇಲಿನ ಎರಡು ಪತ್ರ, ಮೂರನ್ನೂ ಟೇಬಲ್ ಮೇಲೆ ಪಕ್ಕಪಕ್ಕ ಇಟ್ಕೊಂಡು ಪೆನ್ಸಿಲ್ ಹಿಡಿದು ಬರೀ ಚೆಕ್ಕುಬಂದಿ ಓದ್ತಾ ಹೋದ್ರು, ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಅಂತ. ಮೊದಲ್ನೇದ್ರಲ್ಲಿ ಉತ್ತರಕ್ಕೆ "ಓಣಿ", ಮೂರನೇದ್ರಲ್ಲಿ ಉತ್ತರಕ್ಕೆ "ಇದೇ ಸ್ವತ್ತಿನ ಉಳಿಕೆ ಜಾಗ". ಅಂದ್ರೆ ನಡುವೆ ಯಾರೋ ಸೈಟಿನಲ್ಲಿ ಒಂದ್ ತುಂಡು ಇಟ್ಕೊಂಡು ಮಾರಿದಾರೆ. ಟೇಪ್ ಹಿಡಿದು ಅಳೆದ್ರೆ 40 ಅಡಿ ಇರ್ಬೇಕಾದಲ್ಲಿ 36 ಚಿಲ್ಲರೆ ಬಂತು! ರೇಟು ಇಳಿಸಿ, ಇದ್ದ ಅಳತೆಗೇ ಪತ್ರ ಮಾಡ್ಸಿದ್ವಿ. ಅವ್ರಿಗೆ ಕೊಟ್ಟಿದ್ದು 12 ಸಾವಿರ.

ಪತ್ರದ_ಕೆಲಸ_22ವರ್ಷ:
ತಂಗಿ, ನಾನು ವಕೀಲರ ಆಫೀಸಲ್ಲಿ 22 ವರ್ಷ ಗುಮಾಸ್ತನಾಗಿದ್ದೆ, ವಕೀಲ ಅಲ್ಲ. ಆದ್ರೂ ನೀನು ಬರೆದಿದ್ದು ಓದಿ ಎದೆ ಧಸಕ್ ಅಂತು. ಆ ಕೊನೇ ಸಾಲಿನ ಷರತ್ತೇ ನಿನ್ನ ಒಪೀನಿಯನ್‌ನ ಮುಖ್ಯ ಮಾತು, ಮೇಲಿನ ನಾಲ್ಕು ಪುಟ ಅಲ್ಲ.

ಸ್ವಂತ ದುಡಿದ ಆಸ್ತಿ ಇರೋ ಅಪ್ಪ ವಿಲ್ ಬರೀದೆ ತೀರ್ಕೊಂಡ್ರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಗ, ಹೆಣ್ಮಕ್ಳು ಎಲ್ರಿಗೂ ಸಮಪಾಲು. 1956ರಿಂದಲೇ ಹಿಂಗೈತೆ, 2005ರ ತಿದ್ದುಪಡಿ ಪಿತ್ರಾರ್ಜಿತದ ಮಾತು, ಅದು ಬೇರೆ. ಮದುವೇಲಿ ಬಂಗಾರ ಹಾಕಿದ್ರೆ ಪಾಲು ಹೋಗಲ್ಲ, ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಇದ್ರೆ ಮಾತ್ರ ಹೋಗೋದು. ಖಾತೆ ಕಂದಾಯ ಕಟ್ಟೋಕೆ, ಮಗನ ಹೆಸರಿಗೆ ಬಂದಿದ್ರೆ ಮನೆ ಅವನೊಬ್ಬಂದೇ ಆಗಲ್ಲ. ಇ-ಖಾತೆ ಇಲ್ದೆ ಈಗ ರಿಜಿಸ್ಟ್ರಿ ಆಗಲ್ಲ, ಅದು ಬೇಕೇ ಬೇಕು, ಆದ್ರೆ ಇ-ಖಾತೆ ಐತೆ ಅಂದ ತಕ್ಷಣ ಹಕ್ಕು ಐತೆ ಅಂತಲ್ಲ.

ಇಲ್ಲಿ ದೊಡ್ಡ ತೊಡಕು ತೀರ್ಕೊಂಡ ಮಗಳದ್ದು. ಆಕೆ ಪಾಲು ಆಕೆ ಮಕ್ಕಳಿಗೆ ಬರ್ತೈತೆ, ಅಪ್ಪ ಹೋದ್ಮೇಲೆ ಆಕೆ ಹೋಗಿದ್ರೆ ಗಂಡನಿಗೂ ಬರ್ತೈತೆ. ಮಕ್ಕಳು 18 ತುಂಬದೋರಾದ್ರೆ ಅವರಪ್ಪ ಸುಮ್ನೆ ಸಹಿ ಹಾಕೋಕೆ ಬರಲ್ಲ, ಕೋರ್ಟಿನ ಅನುಮತಿ ಬೇಕು. ಅದಿಲ್ದೆ ಮಾಡಿದ್ರೆ ಆ ಮಕ್ಕಳು 18 ತುಂಬಿ 3 ವರ್ಷದೊಳಗೆ ಕ್ರಯ ರದ್ದು ಮಾಡಿ ಅಂತ ದಾವೆ ಹಾಕಬಹುದು. ನಿಂಗೆ 20 ವರ್ಷದ ಇಎಂಐ, ಅವರಿಗೆ ಇನ್ನೊಂದು 8-10 ವರ್ಷಕ್ಕೆ ತಿಳುವಳಿಕೆ ಬರ್ತೈತೆ, ಯೋಚ್ನೆ ಮಾಡು. ಅನುಮತಿಗೆ ತಿಂಗಳುಗಟ್ಲೆ ಬೇಕಾಗಬಹುದು, ಅದಕ್ಕೇ ಶುಕ್ರವಾರದ ಅಗ್ರಿಮೆಂಟ್ ಈಗ್ಲೇ ಬ್ಯಾಡ. ಮಾಡ್ಲೇಬೇಕು ಅಂದ್ರೆ ತಾಯಿ, ಹರಿಹರದ ಮಗಳು ಎಲ್ರೂ ಸಹಿ ಹಾಕ್ಲಿ, ಅವಧಿ ಕೋರ್ಟ್ ಅನುಮತಿ ಬಂದ ದಿನದಿಂದ ಲೆಕ್ಕ ಅಂತಿರ್ಲಿ, ಅನುಮತಿನೋ ಲೋನೋ ಆಗ್ಲಿಲ್ಲ ಅಂದ್ರೆ ಅಡ್ವಾನ್ಸ್ ಇಷ್ಟು ದಿನದಲ್ಲಿ ವಾಪಸ್ ಅಂತ ಬರೆಸು.

ಇಸಿ, ಅಂದ್ರೆ ಆ ಸ್ವತ್ತಿನ ಋಣಭಾರ ಪತ್ರ, ಅದ್ರ ಬಗ್ಗೆನೂ ಹೇಳ್ಬಿಡ್ತೀನಿ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಆನ್‌ಲೈನ್ ಸಿಗೋದು 2004ರಿಂದ ಈಚೆಗೆ, ಹಿಂದಿಂದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಅರ್ಜಿ ಹಾಕು, 30 ವರ್ಷದ್ದು ಬೇಕು. ಅದ್ರಲ್ಲಿ ಬರೋದು ರಿಜಿಸ್ಟರ್ ಆಗಿದ್ದು ಮಾತ್ರ. ಬಾಂಡ್ ಪೇಪರ್ ಮೇಲೆ ಬೇರೆ ಯಾರಿಗೋ ಮಾಡ್ಕೊಟ್ಟ ಅಗ್ರಿಮೆಂಟು ಬರಲ್ಲ, ಭಾಗದ ದಾವೆ ನಡೀತಿದ್ರೆ ಅದೂ ಸಾಮಾನ್ಯವಾಗಿ ಬರಲ್ಲ. ಇ-ಕೋರ್ಟ್ಸ್ ಸೈಟಲ್ಲಿ ಮನೆಯೋರೆಲ್ಲರ ಹೆಸರು ಹಾಕಿ ಹುಡುಕೋಕೆ ನಿನ್ನ ವಕೀಲರಿಗೆ ಹೇಳು, ಪೇಪರ್ನಲ್ಲಿ ಸಾರ್ವಜನಿಕ ಪ್ರಕಟಣೆನೂ ಕೊಡ್ಸು.

ದುರ್ಗದ_ಕೋಟೆ:
ಚಿತ್ರದುರ್ಗದಿಂದ. ಹಳೇ ಸಾಲದ ಬಗ್ಗೆ ಯಾರೂ ಬರೀಲಿಲ್ಲ, ನಾವು ಹಂಗೇ ಸಾಲ ಇದ್ದ ಮನೆ ತಗೊಂಡೋರು. ಮೂಲ ಪತ್ರಗಳು ಆ ಬ್ಯಾಂಕಲ್ಲೇ ಇರ್ತಾವೆ, ಹಾಗಾಗಿ ನೀವು ನೋಡಿರೋದೆಲ್ಲಾ ಬರೀ ಜೆರಾಕ್ಸ್. ಅಲ್ಲಿಂದ ಎರಡು ಕಾಗದ ತರಿಸ್ಕೊಳ್ಳಿ, ಒಂದು ಬಾಕಿ ಎಷ್ಟು ಅನ್ನೋ ಫೋರ್‌ಕ್ಲೋಶರ್ ಲೆಟರ್, ಇನ್ನೊಂದು ಅವರ ಹತ್ರ ಯಾವ್ಯಾವ ಮೂಲ ಪತ್ರ ಅದಾವೆ ಅನ್ನೋ ಪಟ್ಟಿ. ಆ 6 ಲಕ್ಷ ಮಾರೋರ ಕೈಗೆ ಹೋಗ್ಬಾರ್ದು, ನಿಮ್ಮ ಬ್ಯಾಂಕಿಂದ ನೇರ ಆ ಸಾಲದ ಅಕೌಂಟಿಗೇ ಡಿಡಿ ಹೋಗ್ಬೇಕು. ನಾವು ನಂಬಿ ಮಾರೋರ ಕೈಗೇ ಕೊಟ್ಟು ಎರಡು ತಿಂಗಳು ನಿದ್ದೆ ಇಲ್ದೆ ಓಡಾಡೀವಿ. ಸಾಲ ಪೂರ್ತಿ ತೀರಿದ್ಮೇಲೆ 30 ದಿನದೊಳಗೆ ಬ್ಯಾಂಕು ಮೂಲ ಪತ್ರ ಕೊಡ್ಬೇಕು, ಅವರಿಂದ ತಡ ಆದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ ಆರ್‌ಬಿಐ ನಿಯಮ 2023ರ ಡಿಸೆಂಬರ್‌ನಿಂದ ಐತೆ.

ಮತ್ತೆ ದುಡ್ಡಿನ ಲೆಕ್ಕ ಹಾಕ್ಕೊಂಡಿದೀರಾ? 30 ಲಕ್ಷ ದಾಟಿದ ಲೋನ್‌ಗೆ ಬ್ಯಾಂಕು ಕೊಡೋದು ಹೆಚ್ಚಂದ್ರೆ 80%, ಅಂದ್ರೆ 33.6 ಲಕ್ಷ. ರಿಜಿಸ್ಟ್ರಿ ಖರ್ಚು ಆ ಲೆಕ್ಕಕ್ಕೆ ಸೇರಲ್ಲ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2% ಆಗೈತೆ, ಸ್ಟಾಂಪ್ ಡ್ಯೂಟಿ, ಸೆಸ್ ಎಲ್ಲಾ ಸೇರಿ ಸುಮಾರು 7.6%, ನಿಮಗೆ 3.2 ಲಕ್ಷದ ಹತ್ರ. ಒಟ್ಟು 11 ಲಕ್ಷದ ಮೇಲೆ ಕೈಯಿಂದ ಬೇಕು.

ಎಂಸಿಸಿ_ಬಿ_ಬ್ಲಾಕ್:
ವಕೀಲರ ಹತ್ರ ಹೋಗೋವಾಗ ಪೇಪರ್ ಇವತ್ತೊಂದು ನಾಳೆ ಒಂದು ವಾಟ್ಸಾಪಲ್ಲಿ ಕಳಿಸ್ಬೇಡಿ ಅಕ್ಕ, ಒಂದೇ ಫೈಲಲ್ಲಿ ಇಸ್ವಿ ಪ್ರಕಾರ ಜೋಡಿಸಿ ಕೊಡಿ. ಫೀಸು ಮೊದ್ಲೇ ಮಾತಾಡಿ, ಒಪೀನಿಯನ್ ಬಾಯಲ್ಲಿ ಬ್ಯಾಡ, ಸಹಿ ಹಾಕಿ ಬರೆದುಕೊಡಿ ಅನ್ನಿ. ಬ್ರೋಕರ್ ತೋರ್ಸಿದ ವಕೀಲರು ಬೇಡ.

ಬಾಡಿಗೆಮನೆ_ದಾವಣಗೆರೆ:
ಎಲ್ರಿಗೂ ಕೈ ಮುಗೀತೀನಿ. ನಿನ್ನೆ ಅಣ್ಣನ ಜೊತೆ ಬೇರೆ ವಕೀಲರ ಹತ್ರ ಹೋಗಿದ್ವಿ, ಗುಮಾಸ್ತಣ್ಣ ಹೇಳಿದ್ದನ್ನೇ ಅವರೂ ಹೇಳಿದ್ರು. ಮಕ್ಕಳಿಗೆ 9, 12 ವರ್ಷವಂತೆ. ಶುಕ್ರವಾರದ ಅಡ್ವಾನ್ಸ್ ನಿಲ್ಸಿದೀವಿ, ಬ್ರೋಕರ್ ಸಿಟ್ಟಾಗ್ಯಾರೆ. ಆದ್ರೆ ಮಾರೋರ ತಾಯಿಗೆ ನಾನೇ ಹೋಗಿ ವಿಷ್ಯ ಹೇಳ್ದೆ, ಆಕೆ ನನ್ನ ಕೈ ಹಿಡ್ಕೊಂಡು "ನನ್ನ ಮಗಳ ಮಕ್ಕಳ ಪಾಲು ಅವರ ಹೆಸ್ರಲ್ಲಿ ಬ್ಯಾಂಕಲ್ಲಿ ಇಡ್ಲಿ ಬಿಡವ್ವ, ನಾನೂ ಅದನ್ನೇ ಹೇಳ್ತಿದ್ದೆ, ಯಾರೂ ಕೇಳ್ಲಿಲ್ಲ" ಅಂದ್ರು. ಕೋರ್ಟ್ ಅನುಮತಿಗೆ ಅರ್ಜಿ ಹಾಕೋಕೆ ಅಳಿಯಾನೂ ಒಪ್ಪ್ಯಾರೆ. ಇನ್ನೊಂದಾರು ತಿಂಗಳು ಬಾಡಿಗೆ ಮನೇಲೇ ಇರ್ತೀವಿ.