ರಿನ್ಯೂ ಮಾಡುವಾಗ ನೆಟ್ ಹೋದರೆ ಎರಡು ಸಲ ದುಡ್ಡು ಹೋಗ್ತದಾ?

ಪ್ರಶ್ನೆ (ಶಿರಸಿ): ಯಾಣ, ಗೋಕರ್ಣದ ಕಡೆಯ ಹೋಮ್‌ಸ್ಟೇಗಳ ವೆಬ್‌ಸೈಟ್ ನೋಡಿಕೊಳ್ತೇನೆ. ಡೊಮೇನ್‌ಗಳ (ವೆಬ್‌ಸೈಟ್ ವಿಳಾಸದ ಹೆಸರುಗಳ) ಅವಧಿ ತಾನಾಗಿಯೇ ಮುಂದುವರಿಯಲಿ ಅಂತ ಪೈಥಾನ್‌ನಲ್ಲಿ ಇಪಿಪಿ (ಡೊಮೇನ್ ನೋಂದಣಿ, ರಿನ್ಯೂ ಆದೇಶ ಕಳಿಸುವ ಪ್ರೋಟೋಕಾಲ್) ಲೈಬ್ರರಿ ಹಾಕಿ ಸ್ಕ್ರಿಪ್ಟ್ ಬರೀತಿದ್ದೇನೆ. ಆಷಾಢದ ಮಳೆಗೆ ಇಲ್ಲಿ ಕರೆಂಟು, ನೆಟ್ ಎರಡಕ್ಕೂ ನಂಬಿಕೆ ಇಲ್ಲ. ರಿನ್ಯೂ ಕಳಿಸಿ ಉತ್ತರ ಬರುವಷ್ಟರಲ್ಲಿ ಲೈನ್ ಹೋದರೆ? ಮತ್ತೆ ಕಳಿಸಿದರೆ ಎರಡು ವರ್ಷದ ದುಡ್ಡು ಕಟ್ ಆಗ್ತದಾ?

ಉತ್ತರ (ಕಾರವಾರ): ಆಗೂದಿಲ್ಲ ಮಾರಾಯ್ರೆ. ಇಪಿಪಿಯಲ್ಲಿ ಡೊಮೇನ್ ಆದೇಶ ಹೇಗಿರಬೇಕು ಅಂತ ಹೇಳುವ 2009ರ ಆರ್‌ಎಫ್‌ಸಿ 5731 (ಇಂಟರ್ನೆಟ್ ಮಾನದಂಡದ ದಾಖಲೆ) ಓದಿ. ರಿನ್ಯೂ ಜೊತೆ ಡೊಮೇನ್‌ನ ಈಗಿನ ಮುಕ್ತಾಯ ದಿನಾಂಕ ಕೊಡಲೇಬೇಕು. ಮೊದಲ ಸಲವೇ ಕೆಲಸ ಆಗಿದ್ದರೆ ಆ ದಿನಾಂಕ ಮುಂದೆ ಹೋಗಿರ್ತದೆ, ಎರಡನೇ ಕೋರಿಕೆ ತಾಳೆಯಾಗದೆ ಬಿದ್ದುಹೋಗ್ತದೆ. ಆದರೆ ಮರುಪ್ರಯತ್ನದ ಕೋಡ್ ಪ್ರತಿ ಸಲ ‘ಇನ್ಫೋ’ (ಡೊಮೇನ್‌ನ ವಿವರ ತರಿಸುವ ಆದೇಶ) ಕೇಳಿ ಹೊಸ ದಿನಾಂಕ ತುಂಬಿದರೆ ಈ ರಕ್ಷಣೆಯೇ ಹೋಯ್ತು! ಹಳೇ ದಿನಾಂಕ ಬರೆದಿಟ್ಟುಕೊಂಡು ಅದನ್ನೇ ಕಳಿಸಿ. ಆ ದಿನಾಂಕ ಯುಟಿಸಿ (ಜಾಗತಿಕ ಸಮಯ) ಲೆಕ್ಕದ್ದು, ನಮ್ಮ ಗಡಿಯಾರದ್ದಲ್ಲ.

ಉತ್ತರ (ಹೊನ್ನಾವರ): ಅದೆಲ್ಲ ಸರಿ, ನಿಮಗೆ ಇಪಿಪಿ ಸಿಕ್ಕಿದ್ದು ಹೇಗೆ? ರಿಜಿಸ್ಟ್ರಿಯ (ಡೊಮೇನ್‌ಗಳ ಮೂಲ ದಾಖಲೆ ಇಡುವ ಸಂಸ್ಥೆಯ) 700ನೇ ಪೋರ್ಟ್, ಅಂದರೆ ಇಪಿಪಿಯ ಬಾಗಿಲು, ಮಾನ್ಯತೆ ಪಡೆದ ರಿಜಿಸ್ಟ್ರಾರ್‌ಗಳಿಗೆ (ಡೊಮೇನ್ ನೋಂದಾಯಿಸಿ ಕೊಡುವ ಕಂಪನಿಗಳಿಗೆ). ನಮ್ಮಂಥವರಿಗೆ ಸಿಗೂದು ರೀಸೆಲರ್ ಎಪಿಐ, ಅಂದರೆ ಮರುಮಾರಾಟ ಮಾಡುವವರ ಪ್ರೋಗ್ರಾಂ ಆದೇಶ ಕಳಿಸುವ ದಾರಿ.

ಶಿರಸಿ: ಹೌದು, ನಂದೂ ರೀಸೆಲರ್ ಖಾತೆಯೇ. ಪರೀಕ್ಷೆಗೆ ಮಾತ್ರ ಇಪಿಪಿ ಸರ್ವರ್ ಹಾಕಿಕೊಂಡಿದ್ದೆ. ರೀಸೆಲರ್ ಎಪಿಐ ರಿನ್ಯೂ ಮಾಡುವಾಗ ಮುಕ್ತಾಯ ದಿನಾಂಕ ಕೇಳೂದೇ ಇಲ್ಲ.

ಕಾರವಾರ: ಹಾಗಾದ್ರೆ ಉಲ್ಟಾ ಮಾಡಿ. ಉತ್ತರ ಬಾರದೆ ಟೈಮ್‌ಔಟ್ ಆದರೆ ಸುಮ್ಮನೆ ಮತ್ತೆ ಕಳಿಸಬೇಡಿ. ಮೊದಲು ಮುಕ್ತಾಯ ದಿನಾಂಕ ಕೇಳಿ, ಬರೆದಿಟ್ಟದ್ದರ ಜೊತೆ ಹೋಲಿಸಿ, ಬದಲಾಗಿಲ್ಲದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿ, ಆಮೇಲೆ ಕಳಿಸಿ. ಹೇಗೂ ಕೊನೇ ದಿನದವರೆಗೆ ಕಾಯಬೇಡಿ, ತಿಂಗಳ ಮುಂಚೆಯೇ ಓಡಿಸಿ.